ಘಟ್ಟವೇರಿ ಬರುವ ಮೀನು

ಜನ್ನಾಪುರಕ್ಕೆ ಕಡಲಿಲ್ಲ. ಕಡಲನ್ನು ಕಾಣಬೇಕಾದರೆ ಅಲ್ಲಿಯ ಜನ ಮೊದಲು ಶಿವಮೊಗ್ಗೆಗೆ ಬರಬೇಕು. ತೀರ್ಥಹಳ್ಳಿಯ ಹಾದಿ ಹಿಡಿಯಬೇಕು. ಆಗುಂಬೆಯ ೧೪ ತಿರುವುಗಳನ್ನು ಇಳಿದು, ಉಡುಪಿಯನ್ನು ದಾಟಿ ಮಲ್ಪೆಯನ್ನು ಸೇರಬೇಕು. ಒಟ್ಟಿನಲ್ಲಿ ೧೫೦ ಕಿಲೋಮೀಟರಿಗೂ ಮೀರಿದ ಪ್ರಯಾಣ. ಇಷ್ಟಾದರೂ ಬೆಳಗಿನ ಹೊತ್ತು ಜನ್ನಾಪುರದ ಬೀದಿಯಲ್ಲಿ ನಿಂತವರಿಗೆ ಕಡಲು ಅಷ್ಟು ದೂರದಲ್ಲಿದೆ ಎನ್ನಿಸುವುದಿಲ್ಲ. ಮೋಟಾರ್ ಸೈಕಲಿನ ಹಿಂದೆ ಮಂಜುಗಡ್ಡೆಯ ಪೆಟ್ಟಿಗೆ ಬಿಗಿದುಕೊಂಡ ಹುಡುಗ ಹಾರ್ನ್ ಒತ್ತುತ್ತ ಬರುತ್ತಾನೆ. ಒಂದೊಂದೇ ಬಾಗಿಲು ತೆರೆಯುತ್ತದೆ. ಪಾತ್ರೆ ಹಿಡಿದ ಗೃಹಿಣಿಯರು, ಅವರ ಕಾಲಿಗೆ ಸುತ್ತಿಕೊಳ್ಳುವ ಬೆಕ್ಕುಗಳು, ತೂಕದ ತಟ್ಟೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಬೂತಾಯಿ, ಬೆನ್ನ ಮೇಲೆ ನೀಲಿ ಹಸಿರು ಗೆರೆಯೆಳೆದ ಬಂಗುಡೆ! ಹಿಂದಿನ ಸಂಜೆ ದಕ್ಕೆಯಲ್ಲಿ ಇಳಿದ ಸರಕು ರಾತ್ರಿಯೆಲ್ಲ ಘಟ್ಟವೇರಿ ಬಂದು, ಹೊತ್ತೇರುವ ಮುನ್ನ ಬಯಲಿನಂಚಿನ ಊರೊಂದರ ಅಡಿಗೆಮನೆಯನ್ನು ಹೊಕ್ಕಿರುತ್ತದೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರಿಗೆ ಒಪ್ಪುವಂತೆ ೧೯೧೮ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಅಂಕುರಾರ್ಪಣೆಯಾಯಿತು. ೧೯೨೩ರಲ್ಲಿ ಕುಲುಮೆ ಉರಿಯತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಆ ಕಾರ್ಖಾನೆಯ ಬೆನ್ನಿಗೇ ೧೯೩೬ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಕಬ್ಬಿಣ ಮತ್ತು ಕಾಗದ ಸೇರಿ ಭದ್ರೆಯ ದಡದ ಸಣ್ಣ ಊರನ್ನು ಕಾರ್ಮಿಕರ ನಗರವನ್ನಾಗಿಸಿದುವು. ಉದ್ಯೋಗನಿಮಿತ್ತ ತಮಿಳರು ಬಂದರು, ತೆಲುಗರು ಬಂದರು, ಮಲಯಾಳಿಗಳು ಬಂದರು. ದಕ್ಷಿಣ ಕನ್ನಡದಿಂದ ತುಳುವರೂ ಕುಂದಾಪುರದ ಕಡೆಯವರೂ ಘಟ್ಟ ಹತ್ತಿದರು. ಸುತ್ತಲಿನ ಮಲೆನಾಡಿನವರಂತೂ ಮೊದಲೇ ಇದ್ದರು. ಹೀಗೆ ಬಂದವರು ಬಾಡಿಗೆಯ ಮನೆಗಳನ್ನು ಹಿಡಿದು, ಅನಂತರ ಸ್ವಂತ ಗೋಡೆಗಳನ್ನೆಬ್ಬಿಸಿ ನೆಲೆಸಿದ ಬಡಾವಣೆಗಳಲ್ಲಿ ಜನ್ನಾಪುರವೂ ಒಂದು. ಹೊರಟು ಬರುವಾಗ ಅವರು ಟ್ರಂಕಿನಲ್ಲಿ ಹೆಚ್ಚೇನನ್ನೂ ತರಲಿಲ್ಲ. ಆದರೆ ಮೀನುಸಾರಿನ ನೆನಪನ್ನು ಮಾತ್ರ ಯಾರೂ ಊರಿನಲ್ಲಿ ಬಿಟ್ಟುಬರಲಿಲ್ಲ.

ಒಂದೇ ಮೀನು, ಹತ್ತು ಹೆಸರು

ಒಂದು ಬೂತಾಯಿಯನ್ನೇ ತೆಗೆದುಕೊಳ್ಳಬಹುದು. ತುಳುವರಿಗೆ ಅದು ಬೂತಾಯಿ, ಕುಂದಾಪುರದವರಿಗೆ ಬೈಗೆ, ಉತ್ತರ ಕನ್ನಡದವರಿಗೆ ತಾರ್ಲೆ, ಮಲಯಾಳಿಗಳಿಗೂ ತಮಿಳರಿಗೂ ಮತ್ತಿ. ಜನ್ನಾಪುರದ ಮೀನಿನ ಹುಡುಗ ಈ ಎಲ್ಲ ಹೆಸರುಗಳನ್ನೂ ಬಲ್ಲ. ಯಾವ ಬಾಗಿಲಿನ ಮುಂದೆ ಯಾವ ಹೆಸರು ಕೂಗಬೇಕೆಂಬುದು ಅವನಿಗೆ ಕಂಠಪಾಠವಾಗಿದೆ.

ಹುಳಿಯ ಮಾತೂ ಹಾಗೆಯೇ. ತಮಿಳರ ಕೊಳಂಬಿಗೆ ಹುಣಸೆಹಣ್ಣೇ ಆಗಬೇಕು. ಮಣ್ಣಿನ ಗಡಿಗೆಯಲ್ಲಿ ಕುದಿದ ಅದು ಮಾರನೆಯ ದಿನಕ್ಕೆ ಇನ್ನಷ್ಟು ರುಚಿಗಟ್ಟುತ್ತದೆ ಎಂಬುದು ಅವರ ಅನುಭವ. ತುಳುವರು ಒಣಮೆಣಸು, ಕೊತ್ತಂಬರಿ, ತೆಂಗಿನತುರಿಗಳನ್ನು ನುಣ್ಣಗೆ ಅರೆದು ಸಾರನ್ನು ಮಂದವಾಗಿಸುತ್ತಾರೆ. ಉತ್ತರ ಕನ್ನಡದವರು ಬಂಗುಡೆಗೆ ಜುಮ್ಮನಕಾಯಿಯ ಘಮವನ್ನು ಬಯಸುತ್ತಾರೆ. ಮಲೆನಾಡಿನ ಗೃಹಿಣಿ ಉಪ್ಪಾಗೆಯ ಒಣಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕುತ್ತಾಳೆ. ಪಕ್ಕದ ಮನೆಯ ಮಲಯಾಳಿ ಗೃಹಿಣಿ ಕುಡಂಪುಳಿಯನ್ನು ನೆನೆಹಾಕುತ್ತಾಳೆ. ಎರಡೂ ಒಂದೇ ಮರದ ಹಣ್ಣು! ಹಿತ್ತಿಲ ಬೇಲಿಯ ಮೇಲಿನಿಂದ ಬಟ್ಟಲುಗಳು ವಿನಿಮಯವಾದಾಗಲೇ ಈ ನೆಂಟತನ ಬೆಳಕಿಗೆ ಬರುವುದು.

ಮಂಜುಗಡ್ಡೆಯೂ ಲಾರಿಯೂ ಇಲ್ಲದ ಕಾಲದಲ್ಲಿ ಘಟ್ಟದ ಮೇಲಿನವರಿಗೆ ಕಡಲಿನ ಮೀನೆಂದರೆ ಒಣಮೀನೇ. ಎತ್ತಿನ ಗಾಡಿಗಳು ಅಕ್ಕಿ ಅಡಿಕೆಗಳನ್ನು ಇಳಿಸಿ, ಹಿಂತಿರುಗುವಾಗ ಉಪ್ಪನ್ನೂ ಒಣಮೀನನ್ನೂ ಹೇರಿಕೊಂಡು ಬರುತ್ತಿದ್ದುವು. ಮಳೆಗಾಲದ ಮಲೆನಾಡಿನ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಿಂದ ಇಳಿದ ಒಣ ಸೀಗಡಿಯ ಚಟ್ನಿ ಎಷ್ಟೋ ಊಟಗಳನ್ನು ನಡೆಸಿಕೊಟ್ಟಿದೆ. ಇಂದೂ ಸಂತೆಯಲ್ಲಿ ಅದಕ್ಕೆ ಗಿರಾಕಿಗಳಿದ್ದಾರೆ. ಆದರೆ ರಕ್ತದೊತ್ತಡವುಳ್ಳವರಿಗೆ ಅದರಲ್ಲಿನ ಉಪ್ಪು ಒಳ್ಳೆಯದಲ್ಲ. ನೀರಿನಲ್ಲಿ ನೆನೆಸಿ ತೊಳೆದರೂ ಅಪರೂಪಕ್ಕೊಮ್ಮೆ ಮಾತ್ರ ಅದು ತಟ್ಟೆಗೆ ಬರುವುದು ಮೇಲು.

ಒಂದು ಮನೆಯ ವಾದ

ಊರಿನ ಎಷ್ಟೋ ಮನೆಗಳನ್ನು ಹೋಲುವ ಮನೆಯೊಂದನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಯಜಮಾನರು ಕುಂದಾಪುರದ ಕಡೆಯವರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮನೆಯಾಕೆ ತೀರ್ಥಹಳ್ಳಿಯ ಸಮೀಪದವರು. ಕಾಗದದ ಕಾರ್ಖಾನೆ ೨೦೧೫ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ೨೦೨೩ರ ಆರಂಭದಲ್ಲಿ ಹೊರಬಿದ್ದಾಗ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಇಂಥ ಊರಿನಲ್ಲಿ ನಿವೃತ್ತನಾದವನ ಮನೆಯ ಖರ್ಚು ಕೈ ಹಿಡಿದೇ ನಡೆಯಬೇಕು. ಅದರ ಮೇಲೆ ಯಜಮಾನರ ಎದೆಯಲ್ಲೊಂದು ನೋವು ಕಾಣಿಸಿಕೊಂಡು ಹೋಗಿದೆ. ವೈದ್ಯರು ಕರಿದ ಪದಾರ್ಥ ಬೇಡವೆಂದಿದ್ದಾರೆ, ಮೀನು ಆಗಬಹುದೆಂದಿದ್ದಾರೆ. ಮನೆಯಲ್ಲಿ ಜಗಳ ಹುಟ್ಟಿರುವುದು ಈ ಎರಡು ಮಾತುಗಳ ನಡುವೆ. ಏಕೆಂದರೆ ಯಜಮಾನರ ಪಾಲಿಗೆ ಮೀನೆಂದರೆ ಅಂಜಲ್. ಅಂಜಲ್ ಎಂದರೆ ದಪ್ಪನೆಯ ತುಂಡಿಗೆ ಮಸಾಲೆ ಮೆತ್ತಿ, ರವೆಯಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು.

ಹಾರ್ನ್ ಕೇಳಿಸುತ್ತದೆ. ಮನೆಯಾಕೆ ಪಾತ್ರೆಯೊಡನೆ ಹೊರಗೆ ಬರುತ್ತಾರೆ.

“ಅಕ್ಕಾ, ಅಂಜಲ್ ಇದೆ, ಬಂಗುಡೆ ಇದೆ, ಬೂತಾಯಿ ಇದೆ. ಯಾವುದು ಹಾಕಲಿ?”

“ಬೂತಾಯಿ ತೋರಿಸು ತಮ್ಮಾ. ಹಾಗಲ್ಲ, ಕಿವಿರು ಎತ್ತಿ ತೋರಿಸು.”

ಜಗಲಿಯ ಕುರ್ಚಿಯಿಂದ ಯಜಮಾನರ ದನಿ ಏಳುತ್ತದೆ: “ಬೂತಾಯಿಯೇ? ನಮ್ಮೂರಲ್ಲಿ ಅದು ರಾಶಿ ಬಿದ್ದಾಗ ತೆಂಗಿನಮರದ ಬುಡಕ್ಕೆ ಗೊಬ್ಬರ ಹಾಕ್ತಿದ್ರು ಕಣೇ!”

“ಅದಕ್ಕೇ ಆ ಮರಗಳು ಇನ್ನೂ ಗಟ್ಟಿಯಾಗಿ ನಿಂತಿವೆ. ನೀವೂ ಒಂದಷ್ಟು ವರ್ಷ ನಿಲ್ಲಬೇಡವೇ?”

ಹುಡುಗ ನಗುವನ್ನು ನುಂಗಿಕೊಂಡು ತೂಕದ ಬಟ್ಟನ್ನು ಇಡುತ್ತಾನೆ.

ಯಜಮಾನರು ಹೇಳಿದ್ದು ಸುಳ್ಳಲ್ಲ. ಒಂದು ಕಾಲದಲ್ಲಿ ಕರಾವಳಿಯಲ್ಲಿ ಬೂತಾಯಿ ತಿಂದು ಮುಗಿಯದಷ್ಟು ಬಂದು ಬೀಳುತ್ತಿತ್ತು. ಅದರಿಂದ ಎಣ್ಣೆ ತೆಗೆಯುತ್ತಿದ್ದರು. ಉಳಿದುದನ್ನು ತೋಟಕ್ಕೆ ಹಾಕುತ್ತಿದ್ದರು. ಆ ಎಣ್ಣೆಯಲ್ಲಿಯೇ ಅದರ ಹೆಚ್ಚುಗಾರಿಕೆ ಅಡಗಿದೆಯೆಂಬುದು ಅನಂತರ ತಿಳಿದುಬಂದ ಸಂಗತಿ. ೧೯೭೦ರ ದಶಕದಲ್ಲಿ ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಸಂಶೋಧಕರು ಗ್ರೀನ್‌ಲೆಂಡಿನ ಇನುಯಿಟ್ ಜನರ ರಕ್ತವನ್ನು ಪರೀಕ್ಷಿಸಿ, ಕಡಲಿನ ಜೀವಿಗಳ ಕೊಬ್ಬಿನಲ್ಲಿರುವ ಒಮೆಗಾ-೩ ಎಂಬ ಅಂಶದ ಕಡೆಗೆ ಲೋಕದ ಗಮನ ಸೆಳೆದರು. ಮುಂದಿನ ಸಂಶೋಧನೆಗಳು ಆ ಮೊದಲ ಉತ್ಸಾಹವನ್ನು ಸ್ವಲ್ಪ ತಣಿಸಿದ್ದರೂ, ವಾರಕ್ಕೆ ಒಂದೆರಡು ಬಾರಿ ಮೀನೂಟ ಮಾಡುವುದು ಹೃದಯಕ್ಕೆ ಹಿತವೆಂಬ ಅಭಿಪ್ರಾಯ ಉಳಿದುಕೊಂಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೧೧ರ ಆಹಾರ ಮಾರ್ಗಸೂಚಿ ಮೀನು ತಿನ್ನುವವರಿಗೆ ವಾರಕ್ಕೆ ೧೦೦ರಿಂದ ೨೦೦ ಗ್ರಾಂ ಮೀನನ್ನು ಹೇಳಿದೆ. ಅಂದರೆ ಇದು ದಿನನಿತ್ಯದ ಔತಣದ ಮಾತಲ್ಲ. ಒಬ್ಬರಿಗೆ ವಾರದಲ್ಲಿ ಎರಡು ಸಲ, ಸಲಕ್ಕೆ ಎರಡು ಮೂರು ಬೂತಾಯಿಯ ಮಾತು.

ಒಮೆಗಾ-೩ ಹೇರಳವಾಗಿರುವುದು ದುಬಾರಿಯಾದ ಮೀನಿನಲ್ಲಿಯೇ ಎಂದೇನೂ ಇಲ್ಲ. ಬೂತಾಯಿ, ಬಂಗುಡೆಗಳಂಥ ಕೊಬ್ಬುಳ್ಳ ಸಣ್ಣ ಮೀನುಗಳೇ ಅದರ ಆಗರ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಬೂತಾಯಿ ಚೆನ್ನಾಗಿ ಕೊಬ್ಬಿರುತ್ತದೆ. ಆಗಲೇ ಅದು ರುಚಿಗೂ ಮೇಲು, ಗುಣಕ್ಕೂ ಮೇಲು. ಬೆಂದು ಮೆತ್ತಗಾದ ಅದರ ಸಣ್ಣ ಮುಳ್ಳನ್ನು ಅಗಿದು ತಿಂದರೆ ಸುಣ್ಣದ ಅಂಶವೂ ದೊರೆಯುತ್ತದೆ. ಆಯುಷ್ಯ ಕಡಿಮೆಯಾದ ಸಣ್ಣ ಮೀನಿನಲ್ಲಿ ಪಾದರಸದಂಥ ವಿಷ ಸೇರಿಕೊಳ್ಳುವುದೂ ಕಡಿಮೆ. ಬಹುಕಾಲ ಬಾಳಿ ಇತರ ಮೀನುಗಳನ್ನು ತಿಂದು ಬೆಳೆಯುವ ಶಾರ್ಕಿನಂಥ ದೊಡ್ಡ ಮೀನಿನಲ್ಲಿ ಅದು ಹೆಚ್ಚು. ಹೀಗಿರುವಾಗ ಒಂದು ಕಿಲೋ ಅಂಜಲಿನ ಹಣದಲ್ಲಿ ಹಲವು ಕಿಲೋ ಬೂತಾಯಿ ಕೊಳ್ಳುವ ಮನೆಯಾಕೆ ಜಿಪುಣೆಯಲ್ಲ, ಜಾಣೆ.

ಪಾಕದ ವಿಚಾರದಲ್ಲಿಯೂ ಆಕೆಯ ಜಾಣತನ ಕಾಣುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಳುಮೆಣಸು, ಬೆಳ್ಳುಳ್ಳಿ, ಒಂದು ಹಿಡಿ ತೆಂಗಿನತುರಿ, ಇಷ್ಟನ್ನು ಅರೆದು, ಉಪ್ಪಾಗೆಯ ನೀರು ಬೆರೆಸಿ ಮೊದಲು ಮಸಾಲೆಯನ್ನಷ್ಟೇ ಕುದಿಸಬೇಕು. ಹಸಿವಾಸನೆ ಹೋದ ಮೇಲೆ ಮೀನನ್ನು ಬಿಡಬೇಕು. ಸೌಟು ಹಾಕಿ ಕಲಕಬಾರದು. ಬಟ್ಟೆಯಲ್ಲಿ ಗಡಿಗೆಯ ಕಂಠ ಹಿಡಿದು ಮೆಲ್ಲಗೆ ತಿರುಗಿಸಿದರೆ ಸಾಕು. ಏಳೆಂಟು ನಿಮಿಷದಲ್ಲಿ ಸಾರು ಸಿದ್ಧ. ಇಷ್ಟಕ್ಕೂ ಒಗ್ಗರಣೆಯ ಒಂದು ಚಮಚ ಎಣ್ಣೆ. ಯಜಮಾನರ ಸಮಾಧಾನಕ್ಕಾಗಿ ತಿಂಗಳಿಗೊಮ್ಮೆ ಮಸಾಲೆ ಸವರಿದ ಬಂಗುಡೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಇಡುವುದುಂಟು. ಎಲೆ ಕಪ್ಪಾಗುತ್ತದೆ, ಮೀನು ತನ್ನ ಕೊಬ್ಬಿನಲ್ಲಿಯೇ ಬೇಯುತ್ತದೆ, ಮನೆಯೆಲ್ಲ ಘಮ್ಮೆನ್ನುತ್ತದೆ. ಕರಿದದ್ದನ್ನು ನೆನೆದು ಕೊರಗುವ ನಾಲಗೆ ಅಂದು ಸುಮ್ಮನಾಗುತ್ತದೆ.

ಕಣ್ಣು, ಕಿವಿರು, ಬೆರಳು

ಆರೋಗ್ಯಕ್ಕೆ ಮೀನು ಒಳ್ಳೆಯದೆಂಬ ಮಾತಿಗೆ ಒಂದು ಷರತ್ತಿದೆ: ಅದು ಹೊಸ ಮೀನಾಗಿರಬೇಕು. ಕಡಲದಡದವರಿಗೆ ಈ ಚಿಂತೆ ಕಡಿಮೆ. ಘಟ್ಟ ದಾಟಿ ಬಂದ ಮೀನನ್ನು ಕೊಳ್ಳುವವರಿಗೆ ಇದೇ ಮೊದಲ ಚಿಂತೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಗುಳಿಬಿದ್ದು ಮಬ್ಬಾಗಿದ್ದರೆ ಮುಟ್ಟಬಾರದು. ಕಿವಿರು ಕೆಂಪಗಿರಬೇಕು. ಬೆರಳಿನಿಂದ ಒತ್ತಿದ ಕಡೆ ಗುಳಿ ನಿಲ್ಲದೆ ಮಾಂಸ ಮೇಲೆದ್ದು ಬರಬೇಕು. ವಾಸನೆ ಕಡಲಿನದಾಗಿರಬೇಕು, ಕೊಳೆತದ್ದಾಗಿರಬಾರದು. ಪೆಟ್ಟಿಗೆಯಲ್ಲಿ ಮೀನಿನಷ್ಟೇ ತೂಕದ ಮಂಜುಗಡ್ಡೆಯಿದ್ದರೆ ವ್ಯಾಪಾರಿ ಪ್ರಾಮಾಣಿಕನೆಂದು ತಿಳಿಯಬಹುದು.

ಬಂಗುಡೆಯ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು. ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಕಳೆದ ಬಂಗುಡೆಯಲ್ಲಿ ಹಿಸ್ಟಮೀನ್ ಎಂಬ ವಸ್ತು ಹುಟ್ಟುತ್ತದೆ. ಅದನ್ನು ತಿಂದವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟು ಕುದಿಸಿದರೂ ಆ ವಿಷ ನಾಶವಾಗುವುದಿಲ್ಲ. ಮೀನು ಕೆಟ್ಟಿದ್ದರೆ ಮಸಾಲೆ ಜಾಸ್ತಿ ಹಾಕಿದರಾಯಿತು ಎನ್ನುವ ಹಳೆಯ ಧೈರ್ಯ ಇಲ್ಲಿ ಸಲ್ಲದು. ಇನ್ನೊಂದು ಭಯ ಫಾರ್ಮಾಲಿನ್ನಿನದು. ೨೦೧೮ರಲ್ಲಿ ಕೇರಳದ ಅಧಿಕಾರಿಗಳು ಈ ರಾಸಾಯನಿಕ ಬೆರೆತ ಮೀನನ್ನು ಹಿಡಿದ ಸುದ್ದಿ ಹಬ್ಬಿದಾಗ ಊರೂರುಗಳಲ್ಲಿ ಗೃಹಿಣಿಯರು ಗಾಬರಿಗೊಂಡಿದ್ದರು. ಬಹು ದಿನದ ಮೀನು ವಾಸನೆಯೇ ಇಲ್ಲದೆ, ಸೆಡೆತುಕೊಂಡು ಬಿಗಿಯಾಗಿದ್ದರೆ, ನೊಣ ಕೂಡ ಹತ್ತಿರ ಸುಳಿಯದಿದ್ದರೆ ಸಂಶಯಪಡುವುದೇ ಕ್ಷೇಮ. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಪರಿಚಯ. ದಿನವೂ ಅದೇ ಬೀದಿಗೆ ಬಂದು, ಅದೇ ಅಕ್ಕಂದಿರ ಮುಖ ನೋಡಬೇಕಾದ ಹುಡುಗ ಹಳಸಿದ್ದನ್ನು ಮಾರಿ ಬದುಕಲಾರ.

ಮಳೆಗಾಲದ ಬೇರೆ ಲೆಕ್ಕ

ಜೂನ್ ೧ ಬಂದರೆ ಕರ್ನಾಟಕದ ಕಡಲಿನಲ್ಲಿ ಯಂತ್ರದ ದೋಣಿಗಳು ದಡ ಸೇರುತ್ತವೆ. ಜುಲೈ ೩೧ರವರೆಗೆ ೬೧ ದಿನ ಅವುಗಳಿಗೆ ವಿಶ್ರಾಂತಿ. ಕಡಲಿನ ಮೀನುಗಳಿಗೆ ಸಂತಾನಕಾಲ. ಇತ್ತ ಆಗುಂಬೆಯ ಘಟ್ಟದಲ್ಲಿ ಗುಡ್ಡ ಕುಸಿದು ಭಾರೀ ವಾಹನಗಳಿಗೆ ಆಗಾಗ ದಾರಿ ಮುಚ್ಚುವುದೂ ಉಂಟು. ಪೂರ್ವ ಕರಾವಳಿಯ ನಿಷೇಧ ಜೂನ್ ೧೪ಕ್ಕೆ ಮುಗಿಯುವುದರಿಂದ, ಆಮೇಲೆ ಬರುವ ಕಡಲಮೀನು ಬಹುಮಟ್ಟಿಗೆ ಆ ಕಡೆಯದು. ಬಂದ ದಾರಿ ಇನ್ನೂ ದೂರ. ಆದುದರಿಂದ ತಿಳಿದವರು ಈ ಎರಡು ತಿಂಗಳು ಕಡಲನ್ನು ಮರೆತು ಕೆರೆ ಹೊಳೆಗಳ ಕಡೆಗೆ ಮುಖ ತಿರುಗಿಸುತ್ತಾರೆ.

ಲಕ್ಕವಳ್ಳಿಯ ಬಳಿ ಭದ್ರೆಗೆ ಕಟ್ಟಿದ ಜಲಾಶಯ ಭದ್ರಾವತಿಗೆ ದೂರವೇನಲ್ಲ. ಅಲ್ಲಿಯ ಬಿ. ಆರ್. ಪ್ರಾಜೆಕ್ಟಿನಲ್ಲಿ ಮೀನುಮರಿಗಳನ್ನು ಬೆಳೆಸುವ ಕೇಂದ್ರವಿದೆ. ಕಾಟ್ಲಾ, ರೋಹು, ಮೃಗಾಲಗಳು ಮೂಲತಃ ಗಂಗೆಯ ಬಯಲಿನವು. ೧೯೫೭ರ ಜುಲೈ ೧೦ರಂದು ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆಮೀನುಗಳನ್ನು ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದ ಮೇಲೆ ಅವು ದೇಶದ ಕೆರೆಕೆರೆಗಳಲ್ಲಿ ಹರಡಿದುವು. ಆ ದಿನವನ್ನು ಈಗ ಮೀನುಕೃಷಿಕರ ದಿನವೆಂದು ಆಚರಿಸುತ್ತಾರೆ. ಒಮೆಗಾ-೩ರಲ್ಲಿ ಇವು ಬೂತಾಯಿಗೆ ಸಮನಲ್ಲ. ಆದರೆ ಒಳ್ಳೆಯ ಸಸಾರಜನಕ, ಸುಲಭವಾದ ಜೀರ್ಣ, ಹತ್ತಿರದ ನೀರಿನಿಂದ ಬಂದುದೆಂಬ ನೆಮ್ಮದಿ, ಈ ಮೂರೂ ಇವುಗಳಲ್ಲಿವೆ.

ಮೊದಲ ಮಳೆಗೆ ಹೊಸನೀರಿನ ಜಾಡು ಹಿಡಿದು ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನಿನ ಕಥೆ ಮಲೆನಾಡಿನಲ್ಲಿ ಪ್ರತಿಯೊಬ್ಬ ಅಜ್ಜನ ಬಳಿಯೂ ಇದೆ. ರಾತ್ರಿ ಬಿದಿರಿನ ಕೂಳಿ ಒಡ್ಡಿ, ಬೆಳಗ್ಗೆ ಎತ್ತಿ, ಬಿಸಿ ಕಡುಬಿನೊಡನೆ ತಿಂದವರ ನಾಲಗೆ ಅದನ್ನು ಸುಲಭವಾಗಿ ಮರೆಯದು. ಆದರೆ ಹೀಗೆ ಏರಿ ಬರುವ ಮೀನು ಬಸಿರು ಮೀನು. ಮೊಟ್ಟೆಯಿಡುವ ಮುನ್ನವೇ ಬುಟ್ಟಿಗಟ್ಟಲೆ ಬಾಚಿಕೊಂಡರೆ ಬರುವ ವರ್ಷ ಹಳ್ಳ ಬರಿದಾಗುತ್ತದೆ. ಗದ್ದೆಯ ಏಡಿಯ ಸಾರು ನೆಗಡಿಗೆ ಮದ್ದೆಂದು ಹಳಬರು ನಂಬುತ್ತಾರೆ. ಮದ್ದೋ ಅಲ್ಲವೋ, ಅದನ್ನು ಪೂರ್ತಿಯಾಗಿ ಬೇಯಿಸದೆ ತಿನ್ನಬಾರದು. ಅರೆಬೆಂದ ಸಿಹಿನೀರಿನ ಏಡಿಯಿಂದ ಶ್ವಾಸಕೋಶಕ್ಕೆ ತಗಲುವ ಹುಳುವೊಂದು ಇದೆ.

ಈ ನದಿಗಳ ವಿಚಿತ್ರವನ್ನು ನೋಡಿ: ಭದ್ರೆಯ ಅಕ್ಕ ತುಂಗೆಯ ದಡದಲ್ಲಿ, ಶೃಂಗೇರಿಯ ಮೆಟ್ಟಿಲುಗಳ ಮೇಲೆ ಕುಳಿತು ಜನ ಮೀನುಗಳಿಗೆ ಭಕ್ತಿಯಿಂದ ಪುರಿ ಚೆಲ್ಲುತ್ತಾರೆ. ಅಲ್ಲಿ ಯಾರೂ ಮೀನಿಗೆ ಕೈಹಚ್ಚುವುದಿಲ್ಲ. ಅದೇ ನೀರು ಹರಿದು ಬಂದು ಶಿವಮೊಗ್ಗೆಯ ಆಚೆ ಕೂಡ್ಲಿಯಲ್ಲಿ ಭದ್ರೆಯೊಡನೆ ಸೇರುವಷ್ಟರಲ್ಲಿ ದಡದವರು ಬಲೆ ಹಿಡಿದಿರುತ್ತಾರೆ. ಪೂಜೆಗೂ ಪಾಕಕ್ಕೂ ನಡುವೆ ಇರುವುದು ಕೆಲವು ಹರದಾರಿ ಅಷ್ಟೆ.

ಹೋಟೆಲಿನ ಎಲೆ

ಮನೆಯಲ್ಲಿ ಮೀನು ಮಾಡದವರೂ, ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವವರೂ ಆಶ್ರಯಿಸುವುದು ಮಿಲಿಟರಿ ಹೋಟೆಲನ್ನು. ‘ಕರಾವಳಿ ಮೀನೂಟ’ ಎಂಬ ಹಲಗೆ ಈಗ ಭದ್ರಾವತಿ, ಶಿವಮೊಗ್ಗೆಗಳ ದಾರಿಯಲ್ಲಿ ಅಪರೂಪದ್ದಲ್ಲ. ಸರ್ಕಾರವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ೧೯೭೦ರಲ್ಲಿ ಸ್ಥಾಪಿತವಾದ ಮೀನುಗಾರಿಕೆ ಅಭಿವೃದ್ಧಿ ನಿಗಮದ ‘ಮತ್ಸ್ಯದರ್ಶಿನಿ’ಯನ್ನು ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋದವರು ಬಲ್ಲರು. ಸಣ್ಣ ಊರಿನ ಹೋಟೆಲಿಗೆ ಅಂಥ ವೈಭವವಿಲ್ಲ. ನಾಲ್ಕೈದು ಮೇಜು, ಗೋಡೆಯ ಮೇಲೊಂದು ಕ್ಯಾಲೆಂಡರು, ಒಳಗಿನಿಂದ ಕಾವಲಿಯ ಚುರ್ ಎನ್ನುವ ಸದ್ದು. ಎಲೆಯ ಮೇಲೆ ಕುಚ್ಚಲಕ್ಕಿಯೋ ಬೆಳ್ತಿಗೆಯೋ ಅನ್ನ, ಅದರ ಮೇಲೆ ಕೆಂಪನೆಯ ಸಾರು, ಪಕ್ಕದಲ್ಲಿ ಹುರಿದ ಒಂದು ಬಂಗುಡೆ, ಈರುಳ್ಳಿ, ನಿಂಬೆಯ ಹೋಳು.

ಇಲ್ಲಿ ಉಣ್ಣುವವರಿಗೂ ಒಂದಿಷ್ಟು ವಿವೇಕ ಬೇಕು. “ಇವತ್ತು ಬಂದ ಮೀನು ಯಾವುದು?” ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಒಳ್ಳೆಯ ಹೋಟೆಲಿನವನು ಆ ಪ್ರಶ್ನೆಗೆ ಸಿಡಿಮಿಡಿಗೊಳ್ಳುವುದಿಲ್ಲ. ಬಾಣಲೆಯಲ್ಲಿ ಬೆಳಗಿನಿಂದ ಕಾದು ಕಾದು ಕಪ್ಪಾದ ಎಣ್ಣೆಯಲ್ಲಿ ಕರಿದುದಕ್ಕಿಂತ ಕಾವಲಿಯ ಮೇಲೆ ಹುರಿದುದು ವಾಸಿ. ಅದಕ್ಕಿಂತ ಸಾರಿನಲ್ಲಿ ಬೆಂದುದು ವಾಸಿ. ಮಧ್ಯಾಹ್ನದ ಮೊದಲ ಪಂಕ್ತಿಗೆ ಹೋದವನಿಗೆ ಸಿಗುವ ಸಾರು ಇಳಿಹೊತ್ತಿಗೆ ಹೋದವನಿಗೆ ಸಿಗದು. ಇನ್ನು ಮನೆಯಲ್ಲಿ ಅನ್ನ ಬಾಗಿಸಿಟ್ಟು, ಟಿಫನ್ ಕ್ಯಾರಿಯರಿನಲ್ಲಿ ಹೋಟೆಲಿನಿಂದ ಸಾರನ್ನಷ್ಟೇ ತರುವ ಪದ್ಧತಿಯೂ ಇದೆ. ಕೆಲಸಕ್ಕೆ ಹೋಗುವ ಗೃಹಿಣಿಯರಿಗೆ ಇದು ವರವಾಗಿದೆ. ಹಣವೂ ಉಳಿಯುತ್ತದೆ, ಎಣ್ಣೆಯೂ ತಪ್ಪುತ್ತದೆ.

ಮಧ್ಯಾಹ್ನ ಒಂದು ಗಂಟೆ. ಬೆಳಗಿನ ವಾದದ ಮನೆಯಲ್ಲಿ ಯಜಮಾನರು ತಟ್ಟೆಯ ಮುಂದೆ ಕುಳಿತಿದ್ದಾರೆ. ಮೊದಲ ತುತ್ತಿನವರೆಗೆ ಮುಖ ಬಿಗಿದೇ ಇತ್ತು. ಎರಡನೆಯ ತುತ್ತಿಗೆ ಉಪ್ಪಾಗೆಯ ಹುಳಿ ನಾಲಗೆಗೆ ಹತ್ತಿತು. ಮೂರನೆಯ ಮೀನಿನ ಹೊತ್ತಿಗೆ ತೆಂಗಿನಮರದ ಮಾತು ಮರೆತುಹೋಗಿತ್ತು. ಬೇಲಿಯಾಚೆಯ ತಮಿಳು ನೆರೆಯಾಕೆ ಕಳಿಸಿದ ಕೊಳಂಬಿನ ಬಟ್ಟಲೊಂದು ಮುಚ್ಚಿಟ್ಟಿತ್ತು, ಅದು ನಾಳೆಗೆ.

“ಏನೂಂದ್ರೆ, ಇನ್ನೊಂದು ಹಾಕಲೇ?”

“ಬೇಡ. ವೈದ್ಯರು ಬೈತಾರೆ.” ಸ್ವಲ್ಪ ತಡೆದು, “ಗಡಿಗೇಲಿ ಸಾರು ಮಿಕ್ಕಿದೆಯೇನೇ?” ಎಂದರು ಯಜಮಾನರು.

ಮಿಕ್ಕಿತ್ತು. ಮನೆಯಾಕೆ ಸೌಟು ಮುಟ್ಟದೆ, ಗಡಿಗೆಯನ್ನೇ ಬಗ್ಗಿಸಿ ಬಡಿಸಿದರು.